ಮುಟ್ಟದ ಎಂಟು ನೂರು

ಬೇಡ ಎಂದು ಇವತ್ತೇ ಹೇಳಿಬಿಡುವುದೋ, ಇನ್ನೊಂದು ತಿಂಗಳು ನೋಡುವುದೋ? ನೋಡಿದರೆ ಮತ್ತೆ ಎರಡು ರೂಪಾಯಿ ಹೋಯಿತು. ಹೇಳಿಬಿಟ್ಟು ಊರು ಸೇರುವಷ್ಟರಲ್ಲಿ ಉಣ್ಣೆಯ ಸುದ್ದಿ ಬಂದರೆ? ಬರುವುದಿಲ್ಲ. ಮಂದೆಗಳೆಲ್ಲ ಇನ್ನೂ ಪೆನ್ನಾರಿನ ಆಚೆ ಮೇಯುತ್ತಿವೆ, ದೀಪಾವಳಿಗೆ ಮೊದಲು ಈ ಕಡೆ ತಿರುಗುವುದಿಲ್ಲ ಎಂದು ಕಣ್ಣಾರೆ ಕಂಡು ಬಂದವರೇ ಹೇಳಿದ್ದಾರೆ. ಆದರೂ ಬಂದರೆ?

ಈ ‘ಆದರೂ’ ಎನ್ನುವ ಹುಳಕ್ಕೆ ತಿಂಗಳಿಗೆ ಎರಡು ರೂಪಾಯಿ ಮೇವು ಹಾಕಿ ಸಾಕುತ್ತಿದ್ದೇನಲ್ಲ ಎಂದು ಕ್ಯಾತಣ್ಣನಿಗೆ ತನ್ನ ಮೇಲೇ ರೇಗಿತು. ಮೊಳಕಾಲ್ಮೂರಿನ ಪೆನ್ನೋಬಳ ಶೆಟ್ಟರ ಜಗಲಿಯ ಮೇಲೆ ಅವನು ಬೆಳಗಿನಿಂದ ಕೂತಿದ್ದ. ಒಳಗೆ ಶೆಟ್ಟರು ನೇಕಾರರಿಗೆ ರೇಷ್ಮೆ ನೂಲಿನ ಲಡಿ ತೂಗಿಕೊಡುತ್ತಿದ್ದರು. ತಕ್ಕಡಿಯ ಸರಪಳಿ ಕಿಣಿಕಿಣಿ ಎನ್ನುತ್ತಿತ್ತು. ಚಳ್ಳಕೆರೆಯಿಂದ ಎರಡು ದಿನ ಗಾಡಿ ಹೊಡೆದು, ನಡುವೆ ಕೊಂಡ್ಲಹಳ್ಳಿಯಲ್ಲಿ ತಂಗಿ, ಮೈಯೆಲ್ಲ ಧೂಳಾಗಿ ಬಂದವನಿಗೆ ಆ ಸದ್ದು ಕೂಡ ಕುಟುಕಿದಂತೆ ಕೇಳಿಸಿತು.

ಅದು ಕೀಲಕ ಸಂವತ್ಸರದ ಶ್ರಾವಣ. ಶೆಟ್ಟರಿಗೂ ಅವನಿಗೂ ದುಡ್ಡಿನ ಮಾತಾಗಿ ಒಂದೂವರೆ ವರ್ಷದ ಹತ್ತಿರ ಆಗಿತ್ತು. ಮಾತು ಬೇಕಾಗಿ ಬಂದದ್ದು ದೊಡ್ಡಉಳ್ಳಾರ್ತಿಯ ಕುರಿಗಾರರಿಂದ. ಕ್ಯಾತಣ್ಣ ಕಂಬಳಿ ವ್ಯಾಪಾರಿ. ಉಣ್ಣೆ ಕೊಂಡು, ಊರಿನ ಇಪ್ಪತ್ತು ಹೆಂಗಸರಿಂದ ನೂಲು ತೆಗೆಸಿ, ಮಗ್ಗಕ್ಕೆ ಕೊಟ್ಟು, ಕಂಬಳಿ ಮಾಡಿಸಿ ಮಾರುವವನು. ಕಾವಲು ಎಂದು ಬಿಟ್ಟ ಹುಲ್ಲುಗಾವಲಿನ ಅಂಚಿನ ಆ ಕುರಿಗಾರರ ಉಣ್ಣೆಯಷ್ಟು ಉದ್ದ ಎಳೆಯ ಉಣ್ಣೆ ಸುತ್ತಮುತ್ತ ಇಲ್ಲ. ಆದರೆ ಅವರು ಯಾವತ್ತು ಕತ್ತರಿ ಹಾಕುತ್ತಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಮಂದೆ ಹಿಂದಿರುಗಬೇಕು, ಕೆರೆಯಲ್ಲಿ ಕುರಿ ತೊಳೆಯಬೇಕು, ಮೈ ಆರಬೇಕು, ಆಮೇಲೆ ಹಿರಿಯ ಬೋರಯ್ಯ ದಿನ ಹೇಳಿ ಕಳಿಸಬೇಕು. ಹೇಳಿದ ಐದನೇ ದಿನಕ್ಕೆ ಕತ್ತರಿ. ಎಂಟು ಕುರಿಯ ಉಣ್ಣೆಗೆ ಒಂದು ರೂಪಾಯಿ. ಅಂದಂದಿನ ಉಣ್ಣೆಯ ಬೆಲೆಯನ್ನು ಅಂದಂದೇ ಹೊತ್ತು ಮುಳುಗುವ ಮೊದಲು ಬೆಳ್ಳಿ ರೂಪಾಯಿಯಲ್ಲೇ, ಹಾಸಿದ ಕರಿ ಕಂಬಳಿಯ ಮೇಲೆ, ಎಲ್ಲರಿಗೂ ಕೇಳುವಂತೆ ಎಣಿಸಿ ಇಡಬೇಕು. ನಾಳೆ ಕೊಡುತ್ತೇನೆ ಎಂದವನ ಉಣ್ಣೆ ಆ ಸಂಜೆಯೇ ಇನ್ನೊಬ್ಬನ ಗಾಡಿ ಏರುತ್ತದೆ.

ಐದು ದಿನದಲ್ಲಿ ಅಷ್ಟು ಬೆಳ್ಳಿ ಎಲ್ಲಿಂದ ತರುವುದು? ಚಳ್ಳಕೆರೆಯ ಸಾಹುಕಾರರು ಆ ಹೊತ್ತಿಗೆ ಸರಿಯಾಗಿ ಇಲ್ಲ ಎನ್ನುತ್ತಾರೆ, ಇಲ್ಲವೇ ಎರಡರಷ್ಟು ಬಡ್ಡಿ ಹೇಳುತ್ತಾರೆ. ಅವರ ಬಾಗಿಲಲ್ಲಿ ಅಂಥವರೇ ಹತ್ತು ಮಂದಿ ಆಗಲೇ ನಿಂತಿರುತ್ತಾರೆ. ಅದಕ್ಕೇ ಅವನು ರೇಷ್ಮೆಯ ದುಡ್ಡು ಓಡಾಡುವ ಮೊಳಕಾಲ್ಮೂರಿಗೆ ಬಂದಿದ್ದ. ಯುಗಾದಿಯಿಂದ ಯುಗಾದಿಗೆ ಎಂಟು ನೂರು ರೂಪಾಯಿ ಕ್ಯಾತಣ್ಣನ ಹೆಸರಿಗೆ ಮೀಸಲು. ಯಾವ ದಿನ ಬಂದು ಕೇಳಿದರೂ ಶೆಟ್ಟರು ಮರುಮಾತಿಲ್ಲದೆ ಎಣಿಸಿಕೊಡಬೇಕು. ಒಯ್ದಷ್ಟಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಒಯ್ಯದೆ ಬಿಟ್ಟಷ್ಟಕ್ಕೆ ನೂರಕ್ಕೆ ನಾಲ್ಕಾಣೆ. ತಂದು ಕಟ್ಟಿದ ಮೇಲೆ ಬೇಕಾದರೆ ಮತ್ತೆ ಒಯ್ಯಬಹುದು. ಮಾತು ಆಡಿದ ದಿನ ವೀಳ್ಯದ ಮೇಲಿಟ್ಟ ಐದು ರೂಪಾಯಿ ಬೇರೆ. ಅದು ಹಿಂದಕ್ಕೆ ಬರುವಂಥದಲ್ಲ.

ಹೋದ ವರ್ಷ ಎಲ್ಲ ಸರಿಯಾಗಿತ್ತು. ಐದು ನೂರು ಒಯ್ದು, ಎರಡು ತಿಂಗಳಲ್ಲಿ ಕಂಬಳಿ ಮಾರಿ ಹಿಂದಿರುಗಿಸಿ, ಹತ್ತು ರೂಪಾಯಿ ಬಡ್ಡಿ ಕಟ್ಟಿದ್ದ. ಮುಟ್ಟದೆ ಬಿಟ್ಟ ಮುನ್ನೂರಕ್ಕೆ ತಿಂಗಳಿಗೆ ಹನ್ನೆರಡಾಣೆ ಹೋದದ್ದು ಆ ಸಂಭ್ರಮದಲ್ಲಿ ಯಾರಿಗೂ ಲೆಕ್ಕಕ್ಕೇ ಬರಲಿಲ್ಲ. ಈ ವರ್ಷ ಯುಗಾದಿಯಿಂದ ಒಂದು ಕಾಸೂ ಒಯ್ದಿಲ್ಲ. ಈ ತಿಂಗಳದ್ದೂ ಸೇರಿ ಹತ್ತು ರೂಪಾಯಿ. ಮೂರು ಒಳ್ಳೆಯ ಕಂಬಳಿಯ ಬೆಲೆ.

ಇದನ್ನು ದಿನಕ್ಕೆರಡು ಸಲ ನೆನಪಿಸಲು ಮನೆಯಲ್ಲಿ ಅಕ್ಕ ಕರಿಯಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನೂಲುವ ಹೆಂಗಸರ ಉಸ್ತುವಾರಿ ನೋಡಿಕೊಳ್ಳುತ್ತಿದ್ದವಳು.

“ಲೇ ಕ್ಯಾತ, ಮುಟ್ಟಲಿಲ್ಲ, ಮೂಸಲಿಲ್ಲ, ಎರಡು ರೂಪಾಯಿ. ಹಿರಿಯೂರು ಛತ್ರದಾಗೆ ಮಲಗದೇ ಇದ್ದಿದ್ದಕ್ಕೂ ಬಾಡಿಗೆ ಕೊಟ್ಟು ಬಾರಲೇ,” ಎನ್ನುತ್ತಿದ್ದಳು. ಇನ್ನೊಂದು ದಿನ ತಟ್ಟೆಗೆ ಮುದ್ದೆ ಇಡುತ್ತಾ, “ನಾಳೆಯಿಂದ ನಾನು ಮುದ್ದೆ ಮಾಡಲ್ಲ. ಮಾಡದೇ ಇದ್ದಿದ್ದಕ್ಕೆ ತಿಂಗಳಿಗೊಂದು ರೂಪಾಯಿ ನನಗೂ ಕೊಡು,” ಎಂದಳು. ನೂಲುವ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಕ್ಯಾತಣ್ಣ ಅರ್ಧಕ್ಕೇ ಎದ್ದು ಕೈ ತೊಳೆದ. ಆ ನಗುವೇ ಅವನನ್ನು ಎರಡು ದಿನದ ದಾರಿ ಹಿಡಿಸಿದ್ದು.

ಕೊನೆಗೆ ಶೆಟ್ಟರು ತಕ್ಕಡಿ ಇಳಿಸಿ ಹೊರಗೆ ನೋಡಿ ತಮ್ಮ ಮನೆಮಾತಿನ ತೆಲುಗಿನಲ್ಲಿ ಒಳಗೆ ಕರೆದರು. “ರಾವಯ್ಯಾ ಕ್ಯಾತಣ್ಣ. ದುಡ್ಡು ಬೇಕಾಯ್ತಾ?”

“ಬೇಕಾಗಿಲ್ಲ ಶೆಟ್ರೆ. ಅದೇ ಕಷ್ಟ ಆಗಿರೋದು.”

ಮೂಲೆಯಲ್ಲಿ ಲಡಿ ಗಂಟು ಕಟ್ಟುತ್ತಿದ್ದ ಇಬ್ಬರು ನೇಕಾರರು ತಲೆ ಎತ್ತಿದರು. ದುಡ್ಡು ಬೇಡವಾಗಿ ಕಷ್ಟಪಡುವವನನ್ನು ಅವರು ಅದೇ ಮೊದಲು ನೋಡುತ್ತಿದ್ದಿರಬೇಕು.

“ಈ ಎರಡು ರೂಪಾಯಿ ಯಾತಕ್ಕೆ ಅಂತ ಒಂದು ಸರ್ತಿ ನೀವೇ ಬಿಡಿಸಿ ಹೇಳ್ರಿ,” ಎಂದ ಕ್ಯಾತಣ್ಣ. “ನಾನು ಒಯ್ದಿಲ್ಲ. ನಿಮ್ಮ ದುಡ್ಡು ನಿಮ್ಮ ಮನೆಯಾಗೇ ಐತೆ. ಸವೆದಿಲ್ಲ, ಮುರಿದಿಲ್ಲ.”

ಶೆಟ್ಟರು ಅವಸರಪಡದೆ ಎಲೆಗೆ ಸುಣ್ಣ ಸವರಿದರು. “ಹೋದ ತಿಂಗಳು ರಾಯದುರ್ಗದಿಂದ ಒಬ್ಬ ಬಂದಿದ್ದ. ನೂಲು ಕೊಳ್ಳೋಕೆ ಏಳು ನೂರು ಬೇಕು, ತಿಂಗಳಿಗೆ ನೂರಕ್ಕೆ ಒಂದೂವರೆ ಕೊಡ್ತೀನಿ ಅಂದ. ಪೆಟ್ಟಿಗೆಯಾಗೆ ನಿನ್ನ ಎಂಟು ನೂರು ಬಿಟ್ರೆ ಬೇರೆ ಇರಲಿಲ್ಲ. ಲೇದು ಅಂದೆ. ಆ ಲೇದು ಅಂದಿದ್ದಕ್ಕೆ ನನಗೆ ಹತ್ತೂವರೆ ರೂಪಾಯಿ ಹೋಯ್ತು. ನಿನ್ನಿಂದ ಬಂದಿದ್ದು ಎರಡು.”

“ಕೊಟ್ಟಿದ್ರೆ ಆಗ್ತಿತ್ತು. ನಾನೇನು ಆ ತಿಂಗಳು ಬಂದ್ನಾ?”

“ಬರಲ್ಲ ಅಂತ ನನಗೆ ಹೆಂಗೆ ಗೊತ್ತಾಗಬೇಕು? ನಿನಗೇ ಗೊತ್ತಿಲ್ಲ ಅಂತ ತಾನೇ ನನ್ನ ಹತ್ರ ಬಂದಿದ್ದು?”

ಮಾತು ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಕ್ಯಾತಣ್ಣನಿಗೆ ಇನ್ನಷ್ಟು ಉರಿಯಿತು. ಮೋಸ ಎಂದು ಕೂಗಾಡುವುದಕ್ಕಾದರೂ ಒಂದು ಸಂದು ಬಿಟ್ಟಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು.

“ಅರ್ಧ ಮಾಡೋಣ್ವಾ?” ಎಂದರು ಶೆಟ್ಟರು. “ನಾಲ್ಕು ನೂರು ಇಟ್ಕೋ. ತಿಂಗಳಿಗೆ ಒಂದೇ ರೂಪಾಯಿ ಆಗುತ್ತೆ.”

“ಅರ್ಧ ಮಂದೆ ಉಣ್ಣೆ ತಗೊಂಡು ಅರ್ಧ ಹೆಂಗಸರನ್ನ ಮನೆಗೆ ಕಳಿಸಲಾ? ಅದು ಬೇಡ. ದೀಪಾವಳಿವರೆಗೆ ನಿಲ್ಲಿಸ್ರಿ. ಕುರಿ ಬರೋದೇ ಆವಾಗ. ಆಮೇಲೆ ಮತ್ತೆ ಶುರು ಮಾಡೋಣ.”

“ಅದಾಗಲ್ಲ. ಮಾತು ಅಂದ್ರೆ ಅಂಗಿಯಾ, ಸೆಕೆ ಆದಾಗ ಬಿಚ್ಚಿ ಗೂಟಕ್ಕೆ ಹಾಕಿ ಚಳಿಗೆ ಮತ್ತೆ ತೊಟ್ಕೊಳ್ಳೋಕೆ? ಬಿಟ್ರೆ ಬಿಟ್ಟಂಗೆ. ಮತ್ತೆ ಬೇಕು ಅಂದ್ರೆ ಹೊಸ ವೀಳ್ಯ, ಹೊಸ ಐದು ರೂಪಾಯಿ. ಅದೂ ಆವತ್ತು ನನ್ನ ಕೈಯಾಗೆ ಇದ್ರೆ.”

ನೇಕಾರರಲ್ಲಿ ಒಬ್ಬ ಮುಖ ಆ ಕಡೆ ತಿರುಗಿಸಿಕೊಂಡ. ಅವನು ನಗುತ್ತಿದ್ದನೋ ಇಲ್ಲವೋ, ಕ್ಯಾತಣ್ಣನಿಗೆ ಮಾತ್ರ ಮನೆಯ ಹೆಂಗಸರ ಸೆರಗುಗಳೆಲ್ಲ ಕಣ್ಣ ಮುಂದೆ ಬಂದವು.

“ಹಂಗಾದ್ರೆ ಬಿಟ್ಟೆ,” ಎಂದ.

ಶೆಟ್ಟರು ಮಾತು ಬರೆದಿಟ್ಟಿದ್ದ ಹಾಳೆ ಹೊರಗೆ ತೆಗೆದರು. “ಮನೇಲಿ ಕೇಳಿದೀಯಾ?”

“ಮನೇಲಿ ಹೇಳಿ ಕಳಿಸಿರೋದೇ ಇದನ್ನ.”

ಕರಿಯಕ್ಕ ಹಾಗೆ ಹೇಳಿರಲಿಲ್ಲ. ಹಂಗಿಸಿದ್ದಳು, ನಗಿಸಿದ್ದಳು, ಲೆಕ್ಕ ಹೇಳಿದ್ದಳು. ಬಿಟ್ಟು ಬಾ ಎಂದು ಒಂದು ದಿನವೂ ಅಂದಿರಲಿಲ್ಲ. ಆ ವ್ಯತ್ಯಾಸ ಅವನಿಗೆ ಹೊಳೆದದ್ದು ಶೆಟ್ಟರು ಹಾಳೆಯ ಮೇಲೆ ಅಡ್ಡಗೀಟು ಎಳೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ. ಆಗ ಅದನ್ನು ಅವನು ತಲೆಯಿಂದ ಆಚೆ ತಳ್ಳಿದ. ಹಿಂದಿರುಗುವ ದಾರಿಯಲ್ಲಿ ಎತ್ತುಗಳೊಂದಿಗೆ ಒಂದೆರಡು ಸಲ ಮಾತಾಡಿದ. ಇನ್ನು ತಿಂಗಳಿಗೆ ಉಳಿಯುವ ಎರಡು ರೂಪಾಯಿಯನ್ನು ಮನಸ್ಸಿನಲ್ಲೇ ನಾಲ್ಕು ರೀತಿ ಖರ್ಚು ಮಾಡಿದ.

ಮನೆ ತಲುಪಿದಾಗ ಪಡಸಾಲೆಯಲ್ಲಿ ರಾಟೆಗಳು ನಿಂತಿದ್ದವು. ಹೆಂಗಸರು ಕರಿಯಕ್ಕನ ಸುತ್ತ ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಸಣ್ಣ ಎಳೆ ತೆಗೆಯುವ ರಂಗಕ್ಕ ಬುಟ್ಟಿಯ ತಳ ತೋರಿಸುತ್ತಿದ್ದಳು.

“ಇದು ಮುಗಿದ್ರೆ ಮುಂದಕ್ಕೆ ಉಣ್ಣೆ ಐತೇನಕ್ಕಾ? ಇಲ್ಲಾಂದ್ರೆ ಈಗಲೇ ಹೇಳು. ಹತ್ತಿ ಹೊಲದಾಗೆ ಕಳೆ ತೆಗೆಯೋಕೆ ಆಳು ಕರೀತಾವ್ರೆ, ನಾನು ಮಾತು ಕೊಟ್ಟುಬಿಡ್ತೀನಿ. ಆಮೇಲೆ ಕರೆದ್ರೆ ಬರೋಕಾಗಲ್ಲ.”

“ಎಲ್ಲಿಗೂ ಹೋಗಬ್ಯಾಡ್ರಿ,” ಎಂದಳು ಕರಿಯಕ್ಕ. “ಕುರಿ ಯಾವತ್ತಾದ್ರೂ ಬರಲಿ, ಮೊದಲ ಉಣ್ಣೆ ನಮ್ಮದೇ. ಮೊಳಕಾಲ್ಮೂರಾಗೆ ಶೆಟ್ಟರ ಎಂಟು ನೂರು ನಮಗೆ ಅಂತ ಕಾದು ಕೂತೈತೆ. ತಿಂಗಳಿಗೆ ಎರಡು ರೂಪಾಯಿ ಸುಮ್ಮನೆ ಸುರೀತೀವಾ? ಕೆಲಸ ತಪ್ಪಲ್ಲ, ನಾನು ಹೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಕ್ಯಾತಣ್ಣ ಚಪ್ಪಲಿ ಬಿಡುವುದನ್ನು ಮರೆತ. ಐದು ತಿಂಗಳು ತನ್ನ ಊಟ ಕೆಡಿಸಿದ ಬಾಯಿ ಇದೇನಾ ಎಂದುಕೊಂಡ. ಇವಳಿಗೆ ಅದೊಂದು ಬೈಗುಳದ ಅಭ್ಯಾಸವಾಗಿತ್ತು, ಅಷ್ಟೆ. ಒಳಗೆ ಅದನ್ನೇ ನೆಚ್ಚಿಕೊಂಡಿದ್ದಳು. ಒಂದು ದಿನ, ಒಂದೇ ಒಂದು ದಿನ, ಈ ಮಾತನ್ನು ತನ್ನೆದುರು ಆಡಿದ್ದರೆ?

“ಹೋದ ಕೆಲಸ ಆಯ್ತೇನಲೇ?” ಎಂದಳು ಅವಳು. ಶೆಟ್ಟರಿಗೆ ತಿಂಗಳ ಎರಡು ರೂಪಾಯಿ ಕಟ್ಟಲು ಹೋಗಿದ್ದಾನೆಂದೇ ಅವಳು ತಿಳಿದಿದ್ದಳು.

“ಹೂಂ,” ಎಂದ ಕ್ಯಾತಣ್ಣ.

ಹೆಂಗಸರು ಹೋದ ಮೇಲೆ ಹೇಳೋಣವೆಂದುಕೊಂಡ. ಅವರು ಹೋದ ಮೇಲೆ ಉಂಡು ಹೇಳೋಣವೆಂದುಕೊಂಡ. ಮರುದಿನ ಸಂತೆ ಇತ್ತು. ಹೀಗೆ ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ದೊಡ್ಡಉಳ್ಳಾರ್ತಿಯಿಂದ ಬೋರಯ್ಯ ಕಳಿಸಿದ ಆಳು ಮಾರಯ್ಯ ಬಂದು ಹೊಸ್ತಿಲಲ್ಲೇ ನಿಂತು ಹೇಳಿದ. ಪೆನ್ನಾರಿನ ಆಚೆ ಮಳೆ ಹೆಚ್ಚಾಗಿ ಕುರಿಗಳ ಗೊರಸು ಕೊಳೆಯತೊಡಗಿತಂತೆ. ಮಂದೆಗಳೆಲ್ಲ ಮುಂಚೆಯೇ ತಿರುಗಿಬಿಟ್ಟಿವೆ, ಕುರಿ ತೊಳೆದಾಗಿದೆ, ಸೋಮವಾರ ಕತ್ತರಿ.

“ಗಾಡಿ ಕಟ್ಟು,” ಎಂದಳು ಕರಿಯಕ್ಕ. ಅವಳ ಮುಖದಲ್ಲಿ ಹಬ್ಬ ಬಂದಂತಿತ್ತು. “ಎಂಟು ನೂರೂ ತಗೊಂಡು ಬಾ. ಈ ಸರ್ತಿ ಒಂದು ಕುರಿದೂ ಬಿಡಬಾರದು.”

ಅವನು ಗಾಡಿ ಕಟ್ಟಿದ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮೊಳಕಾಲ್ಮೂರಿನಲ್ಲಿ ಶೆಟ್ಟರು ಅವನು ಹೇಳುವುದನ್ನು ಪೂರ್ತಿ ಕೇಳಿದರು. “ನೀನು ಹೋದ ಮೂರನೇ ದಿನ ರಾಯದುರ್ಗದವನು ಮತ್ತೆ ಬಂದ ಕ್ಯಾತಣ್ಣ. ಕೊಟ್ಟುಬಿಟ್ಟೆ.” ಪೆಟ್ಟಿಗೆ ತೆರೆದು, “ಮನೆ ಖರ್ಚಿಗೆ ಅಂತ ನೂರೈವತ್ತು ಇಟ್ಟಿದೀನಿ. ಅದನ್ನ ಒಯ್ಯಿ. ಆದರೆ ಇದು ಹಳೇ ಮಾತಲ್ಲ, ನೂರಕ್ಕೆ ಎರಡು ಆಗುತ್ತೆ,” ಎಂದರು.

ನಾನು ಅವತ್ತೇ ಹೇಳಲಿಲ್ಲವಾ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈದು ಬರಬಹುದಿತ್ತು. ಅದಕ್ಕೂ ಅವರು ದಾರಿ ಕೊಡಲಿಲ್ಲ. ಕ್ಯಾತಣ್ಣ ನೂರೈವತ್ತನ್ನು ಎಣಿಸಿಕೊಂಡು ಅದೇ ಧೂಳಿನ ದಾರಿ ಹಿಡಿದ. ಎಂಟು ನೂರು ಒಯ್ಯಲು ತಂದಿದ್ದ ಚೀಲದ ತಳದಲ್ಲಿ ಆ ದುಡ್ಡು ಎಲ್ಲೋ ಮೂಲೆ ಸೇರಿತ್ತು. ಚಳ್ಳಕೆರೆಯಲ್ಲಿ ಇಬ್ಬರು ಸಾಹುಕಾರರ ಬಾಗಿಲಿಗೆ ಹೋದ. ಒಬ್ಬರು ಮುಂದಿನ ತಿಂಗಳು ಬಾ ಎಂದರು. ಇನ್ನೊಬ್ಬರು ಮಲಗಿದ್ದಾರೆ ಎಂದು ಒಳಗಿನಿಂದ ಹೇಳಿಸಿದರು. ಮನೆಯಲ್ಲಿದ್ದ ನೂರಿಪ್ಪತ್ತು ಸೇರಿ ಇನ್ನೂರ ಎಪ್ಪತ್ತು ಆಯಿತು. ಚೀಲಕ್ಕೆ ಹಳೆಯ ಪಂಚೆ ತುರುಕಿ ಉಬ್ಬಿಸಿದ. ಯಾಕೆ ಹಾಗೆ ಮಾಡಿದನೆಂದು ಅವನಿಗೇ ತಿಳಿಯಲಿಲ್ಲ.

ಸೋಮವಾರ ದೊಡ್ಡಉಳ್ಳಾರ್ತಿಗೆ ಕರಿಯಕ್ಕನೂ ರಂಗಕ್ಕನೂ ಬಂದಿದ್ದರು. ಕರಿ ಉಣ್ಣೆ, ಬಿಳಿ ಉಣ್ಣೆ, ಮರಿ ಉಣ್ಣೆ ಎಂದು ಬೇರೆ ಬೇರೆ ಮಾಡುವುದು ಅವರ ಕೆಲಸ. ಮೊದಲ ದಿನ ಸಾವಿರದ ನಾನ್ನೂರು ಕುರಿಗೆ ಕತ್ತರಿ ಬಿತ್ತು. ಸಂಜೆ ಕ್ಯಾತಣ್ಣ ನೂರ ಎಪ್ಪತ್ತೈದು ರೂಪಾಯಿಯನ್ನು ಕಂಬಳಿಯ ಮೇಲೆ ಒಂದೊಂದಾಗಿ ಎಣಿಸಿದ. ಅಷ್ಟು ನಿಧಾನಕ್ಕೆ ಅವನು ಯಾವತ್ತೂ ಎಣಿಸಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನಕ್ಕೆ ಉಳಿದ ತೊಂಬತ್ತೈದೂ ಮುಗಿಯಿತು. ಆಚೆ ಜಾಲಿಯ ನೆರಳಿನಲ್ಲಿ ಬಳ್ಳಾರಿ ಕಡೆಯ ವ್ಯಾಪಾರಿಯೊಬ್ಬ ಬೆಳಗಿನಿಂದ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಕೂತಿದ್ದ.

“ಕ್ಯಾತಣ್ಣ, ಕುರಿ ಇನ್ನೂ ಮೂರು ಸಾವಿರಕ್ಕೆ ಮೇಲೈತೆ. ಕಂಬಳಿ ಖಾಲಿ ಐತಲ್ಲಪ್ಪ,” ಎಂದ ಬೋರಯ್ಯ.

“ಬೋರಣ್ಣ, ಎಂಟು ದಿನ ಕೊಡು. ಮುಖ ನೋಡಿ ಕೊಡು.”

“ಹೋದ ವರ್ಷ ನನ್ನ ಅಳಿಯನಿಗೇ ಕೊಡಲಿಲ್ಲ. ಮಗಳು ಆರು ತಿಂಗಳು ಮಾತು ಬಿಟ್ಟಿದ್ಲು. ನಿನಗೆ ಕೊಟ್ರೆ ಅವಳು ಈ ಮನೆ ಬಾಗಿಲಿಗೇ ಬರಲ್ಲ.” ಸುತ್ತ ಇದ್ದವರು ನಕ್ಕರು. ಬೋರಯ್ಯ ನಗಲಿಲ್ಲ. ಜಾಲಿಯ ಕಡೆ ಕೈ ಬೀಸಿದ. ಬಳ್ಳಾರಿಯವನು ಎದ್ದು ಪಂಚೆ ಕೊಡವಿಕೊಂಡು ಬಂದ.

ಕರಿಯಕ್ಕ ಉಣ್ಣೆಯ ರಾಶಿಯಿಂದ ಎದ್ದು ಬಂದು ಚೀಲಕ್ಕೆ ಕೈ ಹಾಕಿದಳು. ಹಳೆಯ ಪಂಚೆ ಹೊರಗೆ ಬಂತು.

“ಶೆಟ್ಟರ ದುಡ್ಡೆಲ್ಲಿ?”

“ಶೆಟ್ಟರ ಹತ್ರ ಇರಲಿಲ್ಲ ಅಕ್ಕ,” ಎಂದ ಕ್ಯಾತಣ್ಣ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಕ್ಕನಿಗೆ ಅದು ಬೇರೆಯಾಗಿ ಕೇಳಿಸುತ್ತದೆಂದೂ ಹೇಳುವಾಗಲೇ ಅವನಿಗೆ ಗೊತ್ತಿತ್ತು.

“ಇರಲಿಲ್ಲ ಅಂದ್ರೆ?” ಅವಳ ದನಿ ಏರಲಿಲ್ಲ, ಇಳಿಯಿತು. “ತಿಂಗಳಾ ತಿಂಗಳಾ ಎರಡು ರೂಪಾಯಿ ಇಸ್ಕೊಂಡು, ಕೇಳಿದ ದಿನ ಇಲ್ಲ ಅಂದ್ನಾ? ಯಾತಕ್ಕೆ ಇಸ್ಕೊಂಡ ಹಂಗಾದ್ರೆ? ಎಂಥಾ ಮನುಷ್ಯ ಅವನು?”

ಕ್ಯಾತಣ್ಣ ಬಾಯಿ ತೆರೆದ. ಅಷ್ಟರಲ್ಲಿ ಬೋರಯ್ಯ, “ಶೆಟ್ಟರು ಹಂಗೆ ಅಂತ ತಿಳಿದಿರಲಿಲ್ಲ ಬಿಡಮ್ಮ,” ಎಂದ. ಪಕ್ಕದಲ್ಲಿ ಕತ್ತರಿ ಹಿಡಿದವನು, ನನಗೆ ಮೊದಲೇ ಅನುಮಾನ ಇತ್ತು ಎಂದ. ಅವನು ಶೆಟ್ಟರನ್ನು ನೋಡಿಯೇ ಇರಲಿಲ್ಲ. ಕ್ಯಾತಣ್ಣ ಬಾಯಿ ಮುಚ್ಚಿದ. ರಂಗಕ್ಕ ಮಾತ್ರ ಬಳ್ಳಾರಿಯ ಗಾಡಿಗೆ ಏರುತ್ತಿದ್ದ ಉಣ್ಣೆಯನ್ನು ನೋಡುತ್ತಾ ನಿಂತಿದ್ದಳು. ಹತ್ತಿ ಹೊಲದವರು ಆ ಹೊತ್ತಿಗೆ ಬೇರೆ ಆಳುಗಳನ್ನು ಗೊತ್ತು ಮಾಡಿಕೊಂಡಾಗಿತ್ತು.

ಸುದ್ದಿ ಸಂತೆಯಿಂದ ಸಂತೆಗೆ ನಡೆಯಿತು. ಚಳ್ಳಕೆರೆಯ ಇನ್ನೊಬ್ಬ ಕಂಬಳಿ ವ್ಯಾಪಾರಿ ಬೊಮ್ಮಣ್ಣ ಶೆಟ್ಟರ ಹತ್ತಿರ ಅಂಥದೇ ಮಾತು ಮಾಡಿಕೊಳ್ಳಬೇಕೆಂದಿದ್ದವನು ಕೈಬಿಟ್ಟ. “ಒಳ್ಳೇ ಕಾಲದಾಗೆ ನನ್ನನ್ನ ಉಳಿಸಿದೆ ಮಾರಾಯ,” ಎಂದು ಕ್ಯಾತಣ್ಣನಿಗೆ ಎಲೆ ಅಡಿಕೆ ಕೊಟ್ಟ. ಕ್ಯಾತಣ್ಣ ಅದನ್ನು ಅಗಿದು ನುಂಗಿದ. ಪಂಚಾಯ್ತಿ ಸೇರಿಸಿ ಅಷ್ಟು ದಿನ ಕಟ್ಟಿದ ದುಡ್ಡನ್ನೆಲ್ಲ ವಾಪಸು ಕೇಳೋಣ ಎಂದು ಕರಿಯಕ್ಕ ಪಟ್ಟು ಹಿಡಿದಳು. ಬಿಡು ಅಕ್ಕ, ದೊಡ್ಡವರ ಸಹವಾಸ ಬೇಡ ಎಂದು ಅವನು ಮತ್ತೆ ಮತ್ತೆ ಹೇಳಿದ. ತಮ್ಮ ಎಷ್ಟು ಮೆತ್ತಗಿನವನು ಎಂದು ಅವಳು ನೆರೆಯವರ ಹತ್ತಿರ ಮರುಗಿದಳು. ಶೆಟ್ಟರ ಕಿವಿಗೂ ಇದೆಲ್ಲ ಬಿದ್ದಿರಬೇಕು. ಅವರ ಕಡೆಯಿಂದ ಒಂದು ಮಾತೂ ಬರಲಿಲ್ಲ. ನೂರೈವತ್ತನ್ನು ಬಡ್ಡಿ ಸಮೇತ ಬೇರೆಯವರ ಕೈಯಲ್ಲಿ ಕಳಿಸಿದಾಗಲೂ, ಮುಟ್ಟಿತು ಎಂದಷ್ಟೇ ಹೇಳಿ ಕಳಿಸಿದರು.

ಕಾರ್ತಿಕದ ಹೊತ್ತಿಗೆ ಪಡಸಾಲೆಯಲ್ಲಿ ಐದು ರಾಟೆ ಮಾತ್ರ ತಿರುಗುತ್ತಿದ್ದವು. ಉಳಿದ ಹೆಂಗಸರು ಸಿಕ್ಕ ಕೂಲಿಗೆ ಹೋದರು. ರಂಗಕ್ಕ ಕೂಲಿ ಹುಡುಕಿಕೊಂಡು ತೆಲುಗು ಸೀಮೆಯ ಕಡೆ ಹೋದಳು; ಅವಳ ರಾಟೆಯ ಮೇಲೆ ಕರಿಯಕ್ಕ ಒಂದು ಗೋಣಿ ಮುಚ್ಚಿದಳು.

ಒಂದು ಮಧ್ಯಾಹ್ನ ಕರಿಯಕ್ಕ ಹಿತ್ತಲಲ್ಲಿ ಕಂಬಳಿಗೆ ಸವರುವ ಹುಣಸೆ ಬೀಜದ ಗಂಜಿ ಕಾಯಿಸುತ್ತಿದ್ದಳು. ಕ್ಯಾತಣ್ಣ ಸೌದೆ ತಂದು ಹಾಕಿದ. ಅವಳು ಗಂಜಿಯಿಂದ ಕಣ್ಣು ತೆಗೆಯದೆ ಹೇಳಿದಳು:

“ಲೇ ಕ್ಯಾತ, ಆ ಎರಡು ರೂಪಾಯಿಗೆ ನಾನು ನಿನ್ನ ಬಾಳ ಹಂಗಿಸಿಬಿಟ್ಟೆ. ನೀನು ಮಾಡಿದ್ದು ಸರಿಯಾಗೇ ಇತ್ತು. ಇಪ್ಪತ್ತು ಜನದ ಅನ್ನಕ್ಕೆ ಕೊಟ್ಟ ದುಡ್ಡು ಅದು, ದಂಡ ಅಲ್ಲ. ನನಗೆ ಒಳಗೆ ಗೊತ್ತಿತ್ತು, ಬಾಯಿ ಬಿಟ್ಟು ಅನ್ನಲಿಲ್ಲ ಅಷ್ಟೆ. ಕೆಟ್ಟಿದ್ದು ಆ ಶೆಟ್ಟಿಯಿಂದ. ನಿನ್ನ ತಪ್ಪೇನೂ ಇಲ್ಲ.”

ಹೊಗೆ ಅವನ ಕಣ್ಣಿಗೆ ತಾಕಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಉಳಿದ ಸೌದೆಯನ್ನು ಗೋಡೆಯ ಪಕ್ಕ ಒಟ್ಟತೊಡಗಿದ. ಅವಳು, ಗಂಡಸರಿಗೆ ಇಂಥದ್ದಕ್ಕೆಲ್ಲ ಮಾತು ಬರುವುದಿಲ್ಲ ಎಂದುಕೊಂಡವಳಂತೆ ತನ್ನ ಕೆಲಸಕ್ಕೆ ತಿರುಗಿದಳು.

ಅದಾದ ಮೇಲೆ ಕರಿಯಕ್ಕ ಹದಿನಾಲ್ಕು ವರ್ಷ ಬದುಕಿದ್ದಳು. ಶೆಟ್ಟರು ಮಾತು ತಪ್ಪಿರಲಿಲ್ಲ, ಆ ಮಾತನ್ನು ಬಿಟ್ಟು ಬಂದವನು ತಾನೇ ಎಂದು ಕ್ಯಾತಣ್ಣ ಅವಳಿಗೆ ಹೇಳಲಿಲ್ಲ.